ಟಿಪ್ ಅಡಿಯ ಪ್ಯಾಡ್‌ಗೆ ಯಾವ ವಸ್ತು? ರಾಜಾಜಿನಗರದ ಒಂದು ಪೂಲ್ ಕ್ಯೂ ಪ್ರಕರಣ

ದೂರು ಇಷ್ಟೇ: ಕ್ಯೂ, ಅಂದರೆ ಪೂಲ್ ಆಡುವ ಕೋಲಿನ ಮೇಲೆ ಟಿಪ್ (ಚೆಂಡಿಗೆ ತಾಗುವ ತುದಿಯ ಲೆದರ್ ತುಂಡು) ನಿಲ್ಲುತ್ತಿಲ್ಲ. ಹೊಸದು ಹಾಕಿಸಿದ ಕೆಲವು ವಾರ ಚೆನ್ನಾಗಿರುತ್ತದೆ. ಆಮೇಲೆ ಹೊಡೆದಾಗ ‘ಟಿಕ್’ ಅಂತ ಒಂದು ಒಡಕು ಸದ್ದು ಶುರುವಾಗುತ್ತದೆ. ಸ್ವಲ್ಪ ದಿನದಲ್ಲೇ ಟಿಪ್ ಎದ್ದು ಬರುತ್ತದೆ.

ಕ್ಯೂ ರಾಜಾಜಿನಗರದ ಒಬ್ಬ ನಿವೃತ್ತ ಗಣಿತ ಮೇಷ್ಟ್ರದ್ದು. ಸಂಜೆ ಹೊತ್ತು ಮನೆ ಹತ್ತಿರದ ಪಾರ್ಲರ್‌ನಲ್ಲಿ ‘ಎಯ್ಟ್ ಬಾಲ್’ ಪೂಲ್ ಆಡುತ್ತಾರೆ. ಅಮೆರಿಕದಲ್ಲಿದ್ದ ಭಾವಮೈದ ತಂದುಕೊಟ್ಟ ಕ್ಯೂ ಅದು, ಮೇಪಲ್ ಮರದ ಶಾಫ್ಟ್ (ಕ್ಯೂವಿನ ಮುಂದಿನ ಭಾಗ), ತುದಿ 13 ಮಿ.ಮೀ. ಕ್ಯೂ ರಿಪೇರಿ ಮಾಡುವ ನನ್ನ ಹತ್ತಿರ ಬರುವ ಮೊದಲೇ ಅವರು ಟಿಪ್ ಬ್ರ್ಯಾಂಡ್ ಬದಲಾಯಿಸಿ ನೋಡಿದ್ದರು. ಗಟ್ಟಿ ಟಿಪ್, ಮೆತ್ತನೆ ಟಿಪ್ ಎರಡೂ ಆಗಿತ್ತು. ಅಂಟೂ ಬದಲಾಗಿತ್ತು.

“ಟಿಪ್ ಅಡಿಗೆ ಒಂದು ಪ್ಯಾಡ್ ಹಾಕ್ಸಿ ಅಂತಾರೆ ಕಣಪ್ಪಾ. ಯಾವ ಪ್ಯಾಡು ಅಂದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಲೆದರ್ ಅಂತಾರೆ, ಫೈಬರ್ ಅಂತಾರೆ, ಪ್ಲಾಸ್ಟಿಕ್ ಅಂತಾರೆ. ನೀನೇ ನೋಡಿ ಹೇಳು,” ಅಂದರು.

ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣ ಇದೆ. ಬೆಂಗಳೂರಲ್ಲಿ ಸ್ನೂಕರ್, ಬಿಲಿಯರ್ಡ್ಸ್ ಬೇರು ಆಳ. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇಲ್ಲಿದೆ, ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಆಟ ಕಲಿತು ಬೆಳೆದದ್ದು ಇದೇ ಊರಲ್ಲಿ. ಹಾಗಾಗಿ ಇಲ್ಲಿ ಟಿಪ್ ಹಾಕುವ ಒಳ್ಳೆಯ ಕೈಗಳೆಲ್ಲ ಹೆಚ್ಚಾಗಿ ಸ್ನೂಕರ್ ಕ್ಯೂ ಮೇಲೆ ಪಳಗಿದವು. ಸ್ನೂಕರ್ ಕ್ಯೂ ತುದಿಯಲ್ಲಿ ಹಿತ್ತಾಳೆಯ ಫೆರೂಲ್, ಅಂದರೆ ಮರದ ತುದಿಗೆ ತೊಡಿಸಿದ ಬಳೆ, ಇರುತ್ತದೆ, ಟಿಪ್ 9ರಿಂದ 10 ಮಿ.ಮೀ. ಅಷ್ಟೆ. ಅಲ್ಲಿ ಪ್ಯಾಡ್ ಹಾಕುವ ರೂಢಿ ಕಮ್ಮಿ. ಪೂಲ್ ಕ್ಯೂ ಫೆರೂಲ್ ಬೇರೆ ಜಾತಿ, ಅದರ ಕಷ್ಟವೂ ಬೇರೆ.

ಮೊದಲು ನೋಡಬೇಕಾದದ್ದು ಪ್ಯಾಡನ್ನಲ್ಲ, ಕಿತ್ತುಬಂದ ಟಿಪ್ಪನ್ನು. ಟಿಪ್ಪಿನ ಅಡಿಭಾಗ ಎಲ್ಲ ಕತೆ ಹೇಳುತ್ತದೆ. ಮೇಷ್ಟ್ರು ಬಿದ್ದುಹೋದ ಟಿಪ್‌ಗಳನ್ನು ಎಸೆಯದೆ ಕ್ಯೂ ಕವರಿನ ಜೇಬಲ್ಲಿ ಇಟ್ಟುಕೊಂಡಿದ್ದರು, ಅದು ದೊಡ್ಡ ಉಪಕಾರ ಆಯಿತು. ಎಲ್ಲದರ ಅಡಿಯಲ್ಲೂ ಒಂದೇ ಗುರುತು. ಹೊರಗೆ ಹೊಳೆಯುವ ಒಂದು ಉಂಗುರ, ಅದು ಗಟ್ಟಿಯಾದ ಅಂಟು. ನಡುವೆ ಒಣಗಿದ, ಮಂಕಾದ ಒಂದು ವೃತ್ತ. ಅಲ್ಲಿ ಅಂಟೇ ಇಲ್ಲ ಅನ್ನುವಷ್ಟು ಕಡಿಮೆ. ಮರದ ಒಂದು ನಾರೂ ಅಂಟಿಕೊಂಡು ಬಂದಿಲ್ಲ.

ಶಾಫ್ಟಿನ ತುದಿ ನೋಡಿದರೆ ಅದೇ ನಕ್ಷೆ ತಿರುಗಾಮುರುಗಾ. ಈ ಕ್ಯೂವಿನ ಫೆರೂಲ್ ತೆರೆದ ಬಾಯಿಯದು. ಅಂದರೆ ಶಾಫ್ಟಿನ ಮರವನ್ನೇ ಸಣ್ಣಗೆ ಕಡೆದು, ಬಿಳಿ ಕೊಳವೆಯಂಥ ಫೆರೂಲನ್ನು ಅದರ ಮೇಲೆ ತೂರಿಸಿ ಅಂಟಿಸಿದ್ದಾರೆ. ಮರ ಆ ಕಡೆ ಹೊರಗೆ ಕಾಣುತ್ತದೆ. ನಡುವಿನ ಮರ ಸುಮಾರು 8 ಮಿ.ಮೀ., ಸುತ್ತ ಫೆರೂಲಿನ ಗೋಡೆ ಎರಡೂವರೆ ಮಿ.ಮೀ. ಮುಚ್ಚಿದ ಬಾಯಿಯ ಫೆರೂಲೂ ಇರುತ್ತದೆ, ಅದರಲ್ಲಿ ಟೋಪಿ ಹಾಕಿದ ಹಾಗೆ ಮೇಲೊಂದು ಪದರ ಇದ್ದು ಮರ ಕಾಣುವುದಿಲ್ಲ. ಈ ಪ್ರಕರಣದ ಅರ್ಧ ಉತ್ತರ ಈ ವ್ಯತ್ಯಾಸದಲ್ಲೇ ಇದೆ.

ತುದಿಯ ಮೇಲೆ ಉಗುರು ಆಡಿಸಿದರೆ ಸಣ್ಣ ಮೆಟ್ಟಿಲು ಸಿಗುತ್ತಿತ್ತು. ನಡುವಿನ ಮರ ಒಂಚೂರು ತಗ್ಗಿತ್ತು. ಫೆರೂಲ್ ಸಡಿಲ ಆಗಿದೆಯಾ ಅಂತ ತಿರುಚಿ, ತಟ್ಟಿ ನೋಡಿದೆ. ಬುಡದಲ್ಲಿ ಗೆರೆ ಬಿಟ್ಟಿಲ್ಲ, ಗಟ್ಟಿಯಾಗೇ ಇತ್ತು. ಹಾಗಾದರೆ ಮೆಟ್ಟಿಲು ಬಂದದ್ದು ಹೇಗೆ? ಪ್ರತಿ ಸಲ ಟಿಪ್ ಬದಲಾಯಿಸುವಾಗ ಹಳೆಯ ಅಂಟನ್ನು ಬ್ಲೇಡ್‌ನಿಂದ ಕೈಯಲ್ಲೇ ಕೆರೆಯುತ್ತಾರೆ, ಆಮೇಲೆ ಸ್ಯಾಂಡ್‌ಪೇಪರ್ ಹಿಡಿದು ಉಜ್ಜುತ್ತಾರೆ. ಫೆರೂಲ್ ಗಟ್ಟಿ, ಮರ ಮೃದು. ಕೈ ಕೆರೆದಾಗ ಮರವೇ ಜಾಸ್ತಿ ಹೋಗುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ನಡುವೆ ಹಳ್ಳ ಬೀಳುತ್ತದೆ.

ಹಳ್ಳದ ಜೊತೆ ಇನ್ನೊಂದು ತೊಂದರೆ. ಅಲ್ಲಿ ಕಾಣುವುದು ಮರದ ಕೊಯ್ದ ತುದಿ. ಮರ ಬದುಕಿದ್ದಾಗ ನೀರು ಏರುತ್ತಿದ್ದ ಸಣ್ಣ ನಾಳಗಳ ಬಾಯಿ ಅಲ್ಲೇ ತೆರೆದಿರುತ್ತದೆ. ತೆಳುವಾದ ಸೂಪರ್ ಗ್ಲೂ ಹಾಕಿದರೆ ಮರ ಅದನ್ನು ಕುಡಿದುಬಿಡುತ್ತದೆ. ಟಿಪ್ ಒತ್ತಿ ಹಿಡಿಯುವ ಹೊತ್ತಿಗೆ ನಡುವೆ ಅಂಟು ಉಳಿದೇ ಇರುವುದಿಲ್ಲ. ಗಟ್ಟಿ ಜೆಲ್ ಹಾಕಿದರೆ ಹಳ್ಳ ತುಂಬುತ್ತದೆ ನಿಜ, ಆದರೆ ಸೂಪರ್ ಗ್ಲೂ ದಪ್ಪ ಪದರವಾಗಿ ನಿಂತರೆ ಗಾಜಿನ ಹಾಗೆ ಒಡೆಯುತ್ತದೆ. ಮೇಷ್ಟ್ರು ಕೇಳುತ್ತಿದ್ದ ‘ಟಿಕ್’ ಸದ್ದು ಅದೇ. ಟಿಪ್ ನಿಂತಿದ್ದದ್ದು ಹೊರಗಿನ ಉಂಗುರದ ಮೇಲೆ ಮಾತ್ರ. ಚೆಂಡಿನ ನಡುವಿಗೆ ನೇರ ಹೊಡೆದರೆ ಅದೂ ಸಾಕು. ಪಕ್ಕಕ್ಕೆ ಹೊಡೆದು ಸ್ಪಿನ್ ಕೊಟ್ಟಾಗ ಟಿಪ್ಪಿನ ಒಂದು ಅಂಚು ಏಳಲು ನೋಡುತ್ತದೆ. ಉಂಗುರದ ಒಂದು ಕಡೆ ಸೀಳು ಬಿಡುತ್ತದೆ, ಅಲ್ಲಿಂದ ಬಿರುಕು ಸುತ್ತ ಓಡುತ್ತದೆ.

ಇಷ್ಟು ಹೇಳಿದಾಗ ಮೇಷ್ಟ್ರು ಕೇಳಿದ ಪ್ರಶ್ನೆ ಚೆನ್ನಾಗಿತ್ತು: “ಹಂಗಾದ್ರೆ ಲೇತ್ ಮೇಲೆ ಹಾಕಿ ಮಟ್ಟ ಮಾಡಿದ್ರೆ ಸಾಕಲ್ವೇನಪ್ಪಾ? ಪ್ಯಾಡ್ ಯಾಕೆ?”

ಮಟ್ಟ ಮಾಡುವುದು ಹೇಗೂ ಬೇಕು. ಆದರೆ ಹಾಗೆ ಮಟ್ಟ ಮಾಡಿದಾಗಲೆಲ್ಲ ಫೆರೂಲ್ ಒಂಚೂರು ಗಿಡ್ಡ ಆಗುತ್ತದೆ. ಇವರದ್ದು ಒಂದಿಂಚಿನ ಫೆರೂಲ್, ಈಗಾಗಲೇ ಸವೆದಿದೆ. ಮುಂದಿನ ಟಿಪ್‌ಗೆ ಮತ್ತೆ ಯಾರೋ ಕೈಯಲ್ಲಿ ಕೆರೆದರೆ ಮತ್ತೆ ಹಳ್ಳ. ಪ್ಯಾಡ್ ಇದ್ದರೆ ಬ್ಲೇಡ್ ಪೆಟ್ಟು ಅದಕ್ಕೆ ಬೀಳುತ್ತದೆ, ಫೆರೂಲ್ ಮತ್ತು ಮರ ಉಳಿಯುತ್ತವೆ. ಜೊತೆಗೆ ಟಿಪ್‌ಗೆ ಒಂದೇ ವಸ್ತುವಿನ, ಒಂದೇ ಮಟ್ಟದ, ಮರದಷ್ಟು ಅಂಟು ಕುಡಿಯದ ನೆಲ ಸಿಗುತ್ತದೆ. ಮುಚ್ಚಿದ ಬಾಯಿಯ ಫೆರೂಲಿಗೆ ಪ್ಯಾಡ್ ಬೇಕೇ ಬೇಕು ಅಂತ ನಾನು ಹೇಳುವುದಿಲ್ಲ. ತೆರೆದ ಬಾಯಿಯದ್ದಕ್ಕೆ ಹಾಕಿ ಅಂತಲೇ ಹೇಳುತ್ತೇನೆ.

ಈಗ ವಸ್ತುವಿನ ಮಾತು. ಇಲ್ಲಿ ಎಲ್ಲರೂ ಮೊದಲು ಕೇಳುವುದು “ಹಿಟ್ ಹೇಗಿರುತ್ತೆ?” ಅಂತ. ಗಟ್ಟಿ ಪ್ಯಾಡ್ ಹಾಕಿದರೆ ಹೊಡೆತ ಗಟ್ಟಿ, ಮೆತ್ತನೆ ಹಾಕಿದರೆ ಮೆತ್ತಗೆ ಅನ್ನೋ ನಂಬಿಕೆ. ಇದನ್ನು ಮೇಷ್ಟ್ರ ಜೊತೆ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು.

ಪೂಲ್ ಚೆಂಡಿನ ತೂಕ ಹೆಚ್ಚೆಂದರೆ 170 ಗ್ರಾಂ. ಟಿಪ್ಪೂ ಚೆಂಡೂ ಒಂದಕ್ಕೊಂದು ತಾಗಿರುವುದು ಸುಮಾರು ಒಂದು ಮಿಲಿಸೆಕೆಂಡ್. ಸಾಧಾರಣ ಹೊಡೆತಕ್ಕೆ ಚೆಂಡು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೊರಟಿತು ಅನ್ನೋಣ. ಆ ಒಂದು ಮಿಲಿಸೆಕೆಂಡಿನಲ್ಲಿ ಸರಾಸರಿ ಬಲ 500 ನ್ಯೂಟನ್ ಹತ್ತಿರ, ಅಂದರೆ 50 ಕೆ.ಜಿ. ಭಾರ ಇಟ್ಟಷ್ಟು. ಆಟ ಶುರು ಮಾಡುವ ಜೋರಾದ ಬ್ರೇಕ್ ಹೊಡೆತದಲ್ಲಿ ವೇಗ 9 ಮೀಟರ್ ಆದರೆ ಬಲ ಮೂರು ಪಟ್ಟು, 150 ಕೆ.ಜಿ. ಕೇಳೋಕೆ ದೊಡ್ಡದು. ಆದರೆ 13 ಮಿ.ಮೀ. ವೃತ್ತದ ಮೇಲೆ ಹಂಚಿದರೆ ಚದರ ಮಿಲಿಮೀಟರಿಗೆ 11–12 ನ್ಯೂಟನ್. ಫೈಬರ್, ಫಿನಾಲಿಕ್, ಪಾಲಿಕಾರ್ಬೊನೇಟ್ ಯಾವುದಕ್ಕೂ ಇದು ಲೆಕ್ಕಕ್ಕಿಲ್ಲ. ಲೆದರ್‌ಗೆ ಹೋಲಿಸಿದರೆ ಇವೆಲ್ಲ ಹತ್ತಾರು ಪಟ್ಟು ಗಟ್ಟಿ. ಹೊಡೆತದಲ್ಲಿ ಕುಗ್ಗಿ ಏಳುವುದು ಲೆದರ್ ಟಿಪ್. ಅದರ ಅಡಿಯ ಮುಕ್ಕಾಲು ಮಿಲಿಮೀಟರ್ ತಟ್ಟೆ ಅಷ್ಟಾಗಿ ಕುಗ್ಗುವುದೇ ಇಲ್ಲ.

ತೂಕದ ಭಯವೂ ಹಾಗೇ. ಶಾಫ್ಟಿನ ತುದಿಯ ಒಂದು ಗೇಣು ಭಾರವಾದಷ್ಟೂ, ಸ್ಪಿನ್ ಹೊಡೆತದಲ್ಲಿ ಚೆಂಡು ಗುರಿಯಿಂದ ಪಕ್ಕಕ್ಕೆ ಸರಿಯುವುದು ಜಾಸ್ತಿ. ಇದು ನಿಜ. ಅದಕ್ಕೇ ಈಗಿನ ಶಾಫ್ಟ್‌ಗಳ ತುದಿಯನ್ನು ಹಗುರ ಮಾಡುತ್ತಾರೆ. ಆದರೆ 13 ಮಿ.ಮೀ. ಅಗಲ, 0.8 ಮಿ.ಮೀ. ದಪ್ಪದ ಫೈಬರ್ ಪ್ಯಾಡಿನ ತೂಕ ಸುಮಾರು 0.14 ಗ್ರಾಂ. ಹಿತ್ತಾಳೆಯಲ್ಲಿ ಅದೇ ಅಳತೆಯದ್ದು ಮಾಡಿದರೂ ಒಂದು ಗ್ರಾಂ ಮುಟ್ಟುವುದಿಲ್ಲ. ಟಿಪ್ ಸವೆದು ಅರ್ಧ ಆಗುವುದು ಫೈಬರ್ ಪ್ಯಾಡಿನ ತೂಕಕ್ಕಿಂತ ದೊಡ್ಡ ಬದಲಾವಣೆ.

“ಅಂದ್ರೆ ಹಿಟ್ ನೋಡಿ ಪ್ಯಾಡ್ ಆರಿಸೋದು ಸುಮ್ನೆ,” ಅಂದರು ಮೇಷ್ಟ್ರು. ಪೂರ್ತಿ ಸುಮ್ನೆ ಅಲ್ಲ, ಸದ್ದಿನಲ್ಲಿ ಒಂಚೂರು ವ್ಯತ್ಯಾಸ ಕೇಳುತ್ತದೆ. ಆದರೆ ಮೊದಲು ನೋಡಬೇಕಾದದ್ದು ಎರಡು: ಅಂಟು ಹಿಡಿಯುತ್ತದಾ, ಆಕಾರ ಉಳಿಯುತ್ತದಾ.

ವಸ್ತುಗಳನ್ನು ಊರಲ್ಲೇ ಹುಡುಕಿದೆ. ರೆಡಿಮೇಡ್ ಪ್ಯಾಡ್‌ಗಳು ಆನ್‌ಲೈನಲ್ಲಿ ಸಿಗುತ್ತವೆ, ತರಿಸಿಕೊಂಡರೆ ತಪ್ಪಿಲ್ಲ. ಆದರೆ ಹಾರ್ಡ್‌ವೇರ್ ಅಂಗಡಿಗಳ ಎಸ್.ಪಿ. ರೋಡು, ಕಾರ್ಖಾನೆಗಳ ಪೀಣ್ಯ ಇರುವ ಊರಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣ ತಟ್ಟೆಗೆ ಕಾಯುವುದು ಯಾಕೆ?

ಪೀಣ್ಯದಲ್ಲಿ ಪರಿಚಯದ ಒಬ್ಬ ಟರ್ನರ್ ಮೊದಲು ಕೊಟ್ಟ ಸಲಹೆ ಡೆಲ್ರಿನ್. “ನೀರು ಹೀರಲ್ಲ ಸಾರ್, ಸವೆಯಲ್ಲ, ಲೇತಲ್ಲಿ ಬೆಣ್ಣೆ ಥರ ಕಟ್ ಆಗುತ್ತೆ,” ಅಂದರು. ಅವರು ಹೇಳಿದ್ದೆಲ್ಲ ನಿಜ. ಬುಷ್, ಗಿಯರ್ ಮಾಡೋಕೆ ಅದು ಬಂಗಾರದಂಥ ಪ್ಲಾಸ್ಟಿಕ್. ನಮ್ಮ ಕೆಲಸಕ್ಕೆ ಬಾರದ್ದು ಒಂದೇ ಗುಣದಿಂದ: ಅದಕ್ಕೆ ಅಂಟು ಹಿಡಿಯುವುದಿಲ್ಲ. ಜಾರುವುದೇ ಅದರ ಕೆಲಸ. ತುಂಡೊಂದನ್ನು ಒರಟಾಗಿ ಉಜ್ಜಿ ಸೂಪರ್ ಗ್ಲೂ ಹಾಕಿ ಅಂಟಿಸಿ ತೋರಿಸಿದೆ. ಒಣಗಿದ ಮೇಲೆ ಹೆಬ್ಬೆರಳಿನಿಂದ ತಳ್ಳಿದರೆ ಬಿಟ್ಟುಬಂತು. ನೈಲಾನ್, ಟೆಫ್ಲಾನ್, ಪಾಲಿಪ್ರೊಪಿಲೀನ್ ಹಾಕುವ ಯೋಚನೆಯನ್ನೂ ಇದೇ ಕಾರಣಕ್ಕೆ ಬಿಟ್ಟೆವು.

ಲೆದರ್ ಪ್ಯಾಡ್ ಸಲಹೆ ಬಂದದ್ದು ಕ್ಲಬ್ಬಿನಿಂದ. ಚಪ್ಪಲಿ ಅಟ್ಟೆಯ ಗಟ್ಟಿ ಲೆದರ್ ಕತ್ತರಿಸಿ ಹಾಕುವ ಪದ್ಧತಿ ಇದೆ. ನನಗೆ ಇದು ಒಪ್ಪಿಗೆಯಿಲ್ಲ. ಲೆದರ್ ಅಂಟನ್ನು ಎರಡೂ ಮುಖದಿಂದ ಕುಡಿಯುತ್ತದೆ, ಕುಡಿದ ಜಾಗ ಕಲ್ಲಾಗುತ್ತದೆ, ನಡುವೆ ಮಾತ್ರ ಮೆತ್ತಗೆ ಉಳಿಯುತ್ತದೆ. ಹೊಡೆತಕ್ಕೆ ಅಂಚು ಹೊರಗೆ ಉಬ್ಬುತ್ತದೆ. ಅಂಟು ಲೆದರ್ ಒಳಗೆ ಇಳಿಯುವುದು ಟಿಪ್ ತಯಾರಿಸುವವರಿಗೂ ತಲೆನೋವು. ಜಪಾನಿನ ಕಮುಯಿ ತನ್ನ ಒಂದು ಬಗೆಯ ಟಿಪ್ಪಿನ ತಳಕ್ಕೆ ಪಾರದರ್ಶಕ ಪದರ ಕೂರಿಸಿ ಮಾರುವುದು ಇದೇ ಕಾರಣಕ್ಕೆ. ಟಿಪ್ ಅಡಿಯಲ್ಲಿ ಇನ್ನೊಂದು ಲೆದರ್ ಇಟ್ಟರೆ ಅದೇ ತೊಂದರೆಯನ್ನು ಇಮ್ಮಡಿ ಮಾಡಿದ ಹಾಗೆ.

ಪಾಲಿಕಾರ್ಬೊನೇಟ್ ಮೇಲೆ ನನಗೆ ತುಂಬ ಆಸೆ ಇತ್ತು. ಒಡೆಯುವುದಿಲ್ಲ, ಊದುವುದಿಲ್ಲ, ಶೀಟ್ ತುಂಡು ಸೈನ್‌ಬೋರ್ಡ್ ಮಾಡುವ ಅಂಗಡಿಯಲ್ಲೂ ಸಿಗುತ್ತದೆ. ಬೇಡ ಅನ್ನಿಸಿದ್ದು ಯಾಕೆ ಅಂದರೆ, ಟಿಪ್ ಹಾಕುವವರು ಹಳೇ ಸೂಪರ್ ಗ್ಲೂ ತೆಗೆಯಲು, ಮುಖ ಒರೆಸಲು ಅಸಿಟೋನ್ ಬಳಸುತ್ತಾರೆ. ಅಸಿಟೋನ್ ತಾಗಿದರೆ ಪಾಲಿಕಾರ್ಬೊನೇಟ್ ಬೆಳ್ಳಗಾಗಿ ಕೂದಲಿನಂಥ ಬಿರುಕು ಬಿಡುತ್ತದೆ. ನಾನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿದರೆ ಏನೂ ಆಗುವುದಿಲ್ಲ. ಮುಂದಿನ ಸಲ ಬೇರೆಯವರು ಟಿಪ್ ಹಾಕುವಾಗ ಯಾವ ಬಾಟಲಿ ತೆಗೆಯುತ್ತಾರೋ? ಜೊತೆಗೆ ಲೇತ್ ವೇಗದಲ್ಲಿ ಸ್ಯಾಂಡ್‌ಪೇಪರ್ ಇಟ್ಟರೆ ಬಿಸಿಯಾಗಿ ಅಂಟಂಟಾಗುತ್ತದೆ. ಹರಿತವಾದ ಬ್ಲೇಡ್ ಇದ್ದರೆ ಮಾತ್ರ ಅಂಚು ಚೊಕ್ಕವಾಗಿ ಬರುತ್ತದೆ.

ಕೊನೆಗೆ ಉಳಿದದ್ದು ಎರಡು: ಕೆಂಪು ಫೈಬರ್ ಮತ್ತು ಹೈಲಮ್.

ಕೆಂಪು ಫೈಬರ್ ನೀವೆಲ್ಲ ನೋಡಿರುವ ವಸ್ತುವೇ. ನಲ್ಲಿಯ ಕೆಂಪು ವಾಷರ್, ಹಳೇ ಮೋಟರ್‌ಗಳಲ್ಲಿ ಹಾಕುವ ಇನ್ಸುಲೇಷನ್ ತಟ್ಟೆ ಎಲ್ಲ ಅದೇ. ಹತ್ತಿ ಚಿಂದಿಯಿಂದ ಮಾಡಿದ ಕಾಗದದ ಹಾಳೆಗಳನ್ನು ಜಿಂಕ್ ಕ್ಲೋರೈಡ್ ದ್ರಾವಣದಲ್ಲಿ ಹಾಯಿಸುತ್ತಾರೆ. ಕಾಗದದ ನಾರು ಮೆತ್ತಗಾಗಿ, ಹಾಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ರಾಸಾಯನಿಕವನ್ನು ಪೂರ್ತಿ ತೊಳೆದು ಒಣಗಿಸಿ ಒತ್ತುತ್ತಾರೆ. ಒಳಗೆ ಬೇರೆ ಅಂಟಿಲ್ಲ, ರಾಳವಿಲ್ಲ, ಬರೀ ಸೆಲ್ಯುಲೋಸ್. ಥಾಮಸ್ ಟೇಲರ್ ಎಂಬ ಇಂಗ್ಲಿಷರವನು 1859ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ಕ್ಯೂ ತುದಿಗೆ ಲೆದರ್ ಹಾಕುವುದನ್ನು ರೂಢಿಗೆ ತಂದವನು ಅಂತ ಹೆಸರಾದ ಫ್ರಾನ್ಸಿನ ಮ್ಯಾಂಗೊ ಅದಕ್ಕೂ ಅರ್ಧ ಶತಮಾನ ಹಿಂದಿನವನು. ಅಂದರೆ ಲೆದರ್ ಟಿಪ್ಪಿನಷ್ಟು ಅಲ್ಲದಿದ್ದರೂ ಈ ಕೆಂಪು ವಸ್ತುವೂ ಹಳೇ ಕಾಲದ್ದೇ.

ಹೈಲಮ್ ಅಂದರೆ ಬೇಕಲೈಟ್ ಜಾತಿಯ ಫಿನಾಲಿಕ್ ಶೀಟ್. ಪೀಣ್ಯದ ಯಾವ ಶಾಪಲ್ಲಿ ಕೇಳಿದರೂ ಗೊತ್ತು. ಕಾಗದದ ಹೈಲಮ್ ಬೇರೆ, ಬಟ್ಟೆಯ ಹೈಲಮ್ ಬೇರೆ. ಕಾಗದದ್ದು ಅಂಚು ಚಕ್ಕೆ ಏಳುತ್ತದೆ, ಪ್ಯಾಡ್‌ಗೆ ಬೇಡ. ಬಟ್ಟೆಯದ್ದು ಗಟ್ಟಿ, ನೀರಿಗೆ ಹೆಚ್ಚು ಜಗ್ಗುವುದಿಲ್ಲ.

ಇವೆರಡನ್ನೂ ಒಂದೇ ದಪ್ಪಕ್ಕೆ ತಂದು, ಫೆರೂಲ್ ಬದಲಿಗೆ ಮೆಲಮೈನ್ ಎಂಬ ಗಟ್ಟಿ ಪ್ಲಾಸ್ಟಿಕ್ ರಾಡಿನ ತುದಿಗೆ ಅಂಟಿಸಿ, ಮೇಲೆ ಹಳೆಯ ಟಿಪ್ ಕೂರಿಸಿ, ಒಂದು ರಾತ್ರಿ ಬಿಟ್ಟು, ಮರದ ಸುತ್ತಿಗೆಯಿಂದ ಪಕ್ಕದಿಂದ ತಟ್ಟಿದೆ. ಎಷ್ಟು ಏಟಿಗೆ ಬಿತ್ತು ಅನ್ನುವುದಕ್ಕಿಂತ ಎಲ್ಲಿ ಬಿಟ್ಟಿತು ಅನ್ನುವುದು ಮುಖ್ಯ. ಫೈಬರ್ ಮೇಲಿನ ಟಿಪ್ ಬಿದ್ದಾಗ ಲೆದರ್ ಹರಿದಿತ್ತು, ಅದರ ನಾರು ಪ್ಯಾಡಿನ ಮೇಲೇ ಉಳಿದಿತ್ತು. ಅಂದರೆ ಅಂಟು ಲೆದರ್‌ಗಿಂತ ಗಟ್ಟಿಯಾಗಿ ಹಿಡಿದಿದೆ. ಇದಕ್ಕಿಂತ ಒಳ್ಳೆಯ ಫಲಿತಾಂಶ ಇಲ್ಲ. ಹೈಲಮ್‌ನ ಹೊಳಪು ಮೇಲ್ಮೈ ಹಾಗೇ ಬಿಟ್ಟಾಗ ಅಂಟು ಗಾಜಿನ ತುಣುಕಿನ ಹಾಗೆ ಚೊಕ್ಕವಾಗಿ ಎದ್ದಿತು. ಹೊಳಪು ಪೂರ್ತಿ ಹೋಗುವ ತನಕ 120 ನಂಬರಿನ ಸ್ಯಾಂಡ್‌ಪೇಪರ್ ಹಾಕಿದ ಮೇಲೆ ಬಹಳ ಸುಧಾರಿಸಿತು. ಆದರೂ ಬಿಟ್ಟದ್ದು ಹೆಚ್ಚಾಗಿ ಪ್ಯಾಡ್ ಮತ್ತು ರಾಡ್ ನಡುವೆ, ಎರಡು ಗಟ್ಟಿ ವಸ್ತುಗಳ ನಡುವಿನ ಅಂಟಿನ ಗೆರೆಯಲ್ಲಿ.

ಆಟದಲ್ಲಿ ಎರಡನ್ನೂ ಹಾಕಿ ಮೇಷ್ಟ್ರಿಗೆ ಯಾವುದು ಯಾವುದು ಅಂತ ಹೇಳದೆ ಕೊಟ್ಟೆ. ಹೈಲಮ್‌ನದ್ದಕ್ಕೆ “ಸದ್ದು ಒಂಚೂರು ಟಕ್ ಅನ್ನುತ್ತೆ” ಅಂದರು. ಚೆಂಡು ಹೋಗುವುದರಲ್ಲಿ, ಸ್ಪಿನ್‌ನಲ್ಲಿ ವ್ಯತ್ಯಾಸ ಹೇಳಲಾಗಲಿಲ್ಲ.

ಫೈಬರ್ ಮೇಲಿರುವ ದೊಡ್ಡ ಆರೋಪ ತೇವ. ಅದು ಸರಿಯಾದ ಆರೋಪ. ಸೆಲ್ಯುಲೋಸ್ ಆದ್ದರಿಂದ ನೀರು ಹೀರುತ್ತದೆ, ಹೀರಿದಾಗ ದಪ್ಪದಲ್ಲಿ ಊದುತ್ತದೆ. ಬೆಂಗಳೂರಿನ ಮಾರ್ಚ್ ಒಣಗಾಳಿಯಲ್ಲಿ ತೊಂದರೆ ಇಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ಮೇಷ್ಟ್ರ ಕ್ಯೂ ಸ್ಕೂಟರ್ ಮೇಲೆ ಒದ್ದೆ ಕವರಲ್ಲಿ ಓಡಾಡುತ್ತದೆ. ಆದರೆ ಪ್ಯಾಡನ್ನು ಕೆಡಿಸುವುದು ಮಳೆಗಾಳಿಗಿಂತ ಜಾಸ್ತಿ ನಮ್ಮ ನಾಲಿಗೆ. ಹೊಸ ಟಿಪ್ಪಿನ ಅಂಚನ್ನು ಎಂಜಲಿನಲ್ಲಿ ಒದ್ದೆ ಮಾಡಿ ಲೆದರ್ ತುಂಡಿನಿಂದ ಉಜ್ಜಿ ಹೊಳಪು ಕೊಡುವ ಅಭ್ಯಾಸ ಇದೆಯಲ್ಲ, ಆ ನೀರು ನೇರ ಪ್ಯಾಡಿನ ಅಂಚಿಗೆ ಇಳಿಯುತ್ತದೆ. ಮಾರನೆಯ ದಿನ ಕೆಂಪು ಗೆರೆ ಬೆರಳಿಗೆ ತಾಗುವಷ್ಟು ಉಬ್ಬಿರುತ್ತದೆ. ಇದಕ್ಕೆ ಮದ್ದು ಸುಲಭ. ಅಂಚನ್ನು ಶಾಫ್ಟಿನ ಮಟ್ಟಕ್ಕೆ ಕಡೆದ ಮೇಲೆ, ತಿರುಗುತ್ತಿರುವಾಗಲೇ ತೆಳು ಸೂಪರ್ ಗ್ಲೂ ಒಂದು ತೊಟ್ಟು ಬಟ್ಟೆಗೆ ಹಾಕಿ ಕೆಂಪು ಗೆರೆಗೆ ಮಾತ್ರ ಮುಟ್ಟಿಸಬೇಕು. ಫೈಬರ್ ಅದನ್ನು ಹೀರಿಕೊಂಡು ಬಾಯಿ ಮುಚ್ಚುತ್ತದೆ. ಕುಡಿಯುವ ಗುಣವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಾಗಾಗಿ ಆರಿಸಿದ್ದು 0.8 ಮಿ.ಮೀ. ಕೆಂಪು ಫೈಬರ್. ಇದಕ್ಕಿಂತ ತೆಳುವಾದದ್ದು, ಉದಾಹರಣೆಗೆ ಮೋಟರ್ ಸುತ್ತುವವರು ಬಳಸುವ ಲೆದರಾಯ್ಡ್ ಕಾಗದ, ಟಿಪ್ ಕೀಳುವಾಗಲೇ ಹರಿದುಹೋಗುತ್ತದೆ. ಒಂದೂವರೆ ಮಿಲಿಮೀಟರ್ ಹಾಕಿದರೆ ಪದರಗಳ ನಡುವೆ ಸೀಳುವ ಅಪಾಯ ಜಾಸ್ತಿ, ಪ್ರಯೋಜನ ಏನೂ ಇಲ್ಲ. ನಲ್ಲಿ ವಾಷರ್ ತಂದು ಹಾಕಬಹುದಾ ಅಂತ ಮೇಷ್ಟ್ರು ಕೇಳಿದರು. ವಸ್ತು ಅದೇ, ಆದರೆ ನಡುವೆ ತೂತಿದೆ, ನಮಗೆ ಆಸರೆ ಬೇಕಿರುವುದೇ ನಡುವೆ. ಶೀಟೇ ಬೇಕು. ನಿಯಮದ ಅಡ್ಡಿ ಇಲ್ಲ. ವಿಶ್ವ ಪೂಲ್ ಸಂಸ್ಥೆ ಹೇಳುವುದು ಟಿಪ್ 14 ಮಿ.ಮೀ. ಮೀರಬಾರದು, ಚೆಂಡಿಗೆ ತಾಗುವುದು ಲೆದರ್ ಅಥವಾ ಬೇರೆ ನಾರಿನ ಇಲ್ಲವೇ ಬಾಗುವ ವಸ್ತು ಆಗಿರಬೇಕು ಅಂತ. ಪ್ಯಾಡ್ ಚೆಂಡಿಗೆ ತಾಗುವುದೇ ಇಲ್ಲ.

ಕೂರಿಸಿದ ಕ್ರಮ ಹೀಗೆ. ಲೇತ್ ಮೇಲೆ ತುದಿಯನ್ನು ಹಳ್ಳ ಮಾಯವಾಗುವಷ್ಟು ಮಾತ್ರ ಮಟ್ಟ ಮಾಡಿದೆ. ಕಾಣುವ ಮರಕ್ಕೆ ತೆಳು ಸೂಪರ್ ಗ್ಲೂ ಕುಡಿಸಿ, ಪೂರ್ತಿ ಒಣಗಲು ಬಿಟ್ಟು, ಮತ್ತೊಂದು ಸಣ್ಣ ಪದರ ತೆಗೆದೆ. ಈ ಹೆಜ್ಜೆ ಬಿಟ್ಟರೆ ಎಂಥ ಪ್ಯಾಡ್ ಹಾಕಿದರೂ ಅದೇ ಹಳೇ ರೋಗ, ಈ ಸಲ ಪ್ಯಾಡ್ ಸಮೇತ ಬೀಳುತ್ತದೆ. ಪ್ಯಾಡಿನ ಎರಡೂ ಮುಖ ಗಾಜಿನ ಮೇಲಿಟ್ಟ ಸ್ಯಾಂಡ್‌ಪೇಪರ್‌ಗೆ ಉಜ್ಜಿದೆ, ಕೈಯಲ್ಲಿ ಹಿಡಿದು ಉಜ್ಜಿದರೆ ಅಂಚು ಉರುಟಾಗುತ್ತದೆ. ಪ್ಯಾಡ್ ಮತ್ತು ಫೆರೂಲ್ ನಡುವೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಾಕಿದೆ. ಆ ಜೋಡಣೆ ವರ್ಷಗಟ್ಟಲೆ ಇರಬೇಕು. ಪ್ಯಾಡ್ ಮತ್ತು ಟಿಪ್ ನಡುವೆ ಸೂಪರ್ ಗ್ಲೂ ಜೆಲ್, ಯಾಕಂದರೆ ಅದನ್ನು ಮುಂದೆ ತೆಗೆಯಬೇಕಾಗುತ್ತದೆ. ಅಂಟು ತೆಳುವಾಗಿರಲಿ ಅಂತ ಚೆನ್ನಾಗಿ ಒತ್ತಿ ಹಿಡಿದೆ. ಮಾರನೆಯ ದಿನ ಅಂಚು ಕಡೆದು, ಮೇಲೆ ಹೇಳಿದ ಹಾಗೆ ಮುಚ್ಚಿದೆ.

‘ಟಿಕ್’ ಸದ್ದು ಹೋಯಿತು. ಮಳೆಗಾಲ ಮುಗಿದ ಮೇಲೆ ಕ್ಯೂ ತರಿಸಿ ನೋಡಿದೆ. ಒಂದು ಕಡೆ ಕೆಂಪು ಗೆರೆ ಕೂದಲೆಳೆಯಷ್ಟು ಉಬ್ಬಿತ್ತು. ವಿಚಾರಿಸಿದರೆ ಮೇಷ್ಟ್ರು ಟಿಪ್ಪಿನ ಅಂಚನ್ನು ತಾವೇ ಸ್ಯಾಂಡ್‌ಪೇಪರ್ ಹಿಡಿದು ಒಪ್ಪ ಮಾಡಿದ್ದರಂತೆ. ಮುಚ್ಚಿದ ಪದರ ಅಲ್ಲಿ ಹೋಗಿತ್ತು. ಮಟ್ಟ ಮಾಡಿ ಮತ್ತೆ ಗ್ಲೂ ಮುಟ್ಟಿಸಿದೆ. ಟಿಪ್ ಸವೆದಿದ್ದರಿಂದ ಅದನ್ನೂ ಬದಲಾಯಿಸಿದೆ. ಬ್ಲೇಡ್ ಪೆಟ್ಟು ಪ್ಯಾಡಿನ ಮೇಲೇ ನಿಂತಿತು, ಫೆರೂಲ್ ಮುಟ್ಟಬೇಕಾಗಲಿಲ್ಲ.

ಬ್ರೇಕ್‌ಗೆ ಅಂತಲೇ ಬೇರೆ ಕ್ಯೂ ಇಟ್ಟುಕೊಂಡವರಿಗೆ ಬಟ್ಟೆಯ ಹೈಲಮ್ ಹಾಕಿಕೊಡಲು ನನ್ನ ಅಭ್ಯಂತರ ಇಲ್ಲ. ಅಲ್ಲಿ ಸ್ಪಿನ್ ಹೊಡೆತ ಕಡಿಮೆ, ಅಂಚು ಏಳುವ ಬಲ ಕಡಿಮೆ. ಹೊಳಪು ಪೂರ್ತಿ ತೆಗೆಯಬೇಕು ಅಷ್ಟೆ.

ಇದನ್ನು ನೋಡಿದ ಪಾರ್ಲರ್ ಮಾಲೀಕರು ತಮ್ಮ ಅಂಗಡಿಯ ಕ್ಯೂಗಳಿಗೆಲ್ಲ ಪ್ಯಾಡ್ ಹಾಕಿಕೊಡಿ ಅಂದರು. ಆ ಕ್ಯೂಗಳನ್ನು ನೋಡಿದೆ, ಎಲ್ಲ ಮುಚ್ಚಿದ ಬಾಯಿಯ ಪ್ಲಾಸ್ಟಿಕ್ ಫೆರೂಲ್. ಪ್ಯಾಡ್ ದುಡ್ಡು ದಂಡ ಮಾಡಬೇಡಿ ಅಂದೆ. ಟಿಪ್ ಹಾಕುವ ಹುಡುಗನಿಗೆ ಬ್ಲೇಡ್ ಬದಲು ಒಂದು ಚಪ್ಪಟೆ ಸ್ಯಾಂಡಿಂಗ್ ಬ್ಲಾಕ್ ಕೊಡಿಸಿ, ಫೆರೂಲಿನ ಮುಖವನ್ನೂ ಟಿಪ್ಪಿನ ತಳವನ್ನೂ ಉಜ್ಜಿ ಒರಟು ಮಾಡಿದ ಮೇಲೇ ಅಂಟು ಹಾಕಲು ಹೇಳಿಕೊಟ್ಟೆ.